ಕೋಟೆಯೊಳಗೆ ಮನೆ ಇದ್ದರೆ ಬಚ್ಚಲು ಕಟ್ಟುವುದೂ ತಪ್ಪಾ? ಶ್ರೀರಂಗಪಟ್ಟಣದ 100 ಮೀಟರ್ ನಿಯಮದ ಬಗ್ಗೆ

ಕೋಟೆ_ಮನೆಯವಳು

ಎಲ್ಲರಿಗೂ ನಮಸ್ಕಾರ. ನಮ್ಮದು ಶ್ರೀರಂಗಪಟ್ಟಣ, ಕೋಟೆಯೊಳಗಿನ ಮನೆ. ಅಜ್ಜನ ಕಾಲದ್ದು. ಮುಂದೆ ಜಗಲಿ, ಒಳಗೆ ಹಜಾರ, ನಡುಮನೆ, ಅಡುಗೆಮನೆ, ಮೇಲೆ ಹೆಂಚು. ಬಚ್ಚಲು ಮತ್ತು ಪಾಯಿಖಾನೆ ಎರಡೂ ಹಿತ್ತಲಲ್ಲಿ. ಅಮ್ಮನಿಗೆ ಮಂಡಿ ನೋವು ಜಾಸ್ತಿಯಾಗಿದೆ, ರಾತ್ರಿ ಎದ್ದು ಕತ್ತಲಲ್ಲಿ ಅಂಗಳ ದಾಟಿ ಹೋಗಬೇಕು, ಮಳೆಗಾಲದಲ್ಲಿ ಚಪ್ಪಡಿ ಕಲ್ಲು ಪಾಚಿ ಕಟ್ಟಿ ಜಾರುತ್ತದೆ. ಹಿಂದಿನ ಗೋಡೆಗೆ ಅಂಟಿಸಿ ಆರಡಿ ಎಂಟಡಿಯ ಒಂದು ಬಾತ್‌ರೂಮ್ ಕಟ್ಟೋಣ ಅಂತ ನಮ್ಮ ಆಸೆ. ಬೀದಿಯಿಂದ ನೋಡಿದರೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಆದರೆ ಮನೆ ರಂಗನಾಥಸ್ವಾಮಿ ದೇವಸ್ಥಾನದಿಂದ 100 ಮೀಟರ್ ಒಳಗೆ ಬರುತ್ತದೆ, ದೇವಸ್ಥಾನ ಸಂರಕ್ಷಿತ ಸ್ಮಾರಕ. ಹಾಗಾಗಿ ಹೊಸದಾಗಿ ಒಂದು ಗೋಡೆ ಎಬ್ಬಿಸುವ ಹಾಗಿಲ್ಲ ಅಂತಾರೆ. ಒಬ್ಬ ಕಂಟ್ರಾಕ್ಟರ್ ಬಂದು ನೋಡಿ, "ಅಮ್ಮಾ, ಶನಿವಾರ ರಾತ್ರಿ ಶುರು ಮಾಡಿದರೆ ಸೋಮವಾರಕ್ಕೆ ಮುಗಿದಿರುತ್ತದೆ, ಯಾರು ಕೇಳುತ್ತಾರೆ" ಅಂದ. ನನಗೆ ಆ ಕೆಲಸ ಬೇಡ. ಕದ್ದು ಕಟ್ಟಿದ ಬಚ್ಚಲಲ್ಲಿ ಅಮ್ಮನನ್ನು ಕೂರಿಸಿ, ಆಮೇಲೆ ನೋಟಿಸ್ ಬಂದರೆ ಏನು ಮಾಡುವುದು?

ನನ್ನ ಸಿಟ್ಟು ಇರುವುದು ಬೇರೆ ಕಡೆ. ನಮ್ಮ ಬೀದಿಯಲ್ಲೇ ಜಗಲಿ ಒಡೆದು ಶಟರ್ ಹಾಕಿದ್ದಾರೆ. ಮರದ ಕಂಬ ಕಿತ್ತು ಹೊಳೆಯುವ ಟೈಲ್ಸ್ ಅಂಟಿಸಿದ್ದಾರೆ. ಎಲ್ಲ ದುರಸ್ತಿ ಹೆಸರಲ್ಲಿ. ಬೀದಿಯ ಮುಖವೇ ಹೋಗುತ್ತಿದೆ, ಅದನ್ನು ಯಾರೂ ಕೇಳುವುದಿಲ್ಲ. ಹಿತ್ತಲಲ್ಲಿ ಮುದುಕಿಯೊಬ್ಬರಿಗೆ ಬಚ್ಚಲು ಕಟ್ಟಿದರೆ ಅದು ಅಪರಾಧ. ಈ ನಿಯಮ ಟೇಪ್ ಹಿಡಿದು ದೂರ ಅಳೆಯುತ್ತದೆಯೇ ಹೊರತು ಬೀದಿ ಹೇಗೆ ಕಾಣುತ್ತದೆ ಅಂತ ನೋಡುವುದೇ ಇಲ್ಲ. ಇದರಿಂದ ದೇವಸ್ಥಾನಕ್ಕೇನು ಲಾಭ, ನಮಗೇನು ಲಾಭ? ಇಂಥದ್ದನ್ನು ದಾಟಿ ಬಂದವರು ಇದ್ದರೆ ದಾರಿ ಹೇಳಿ.

ಗಂಜಾಂ_ರಾಜ

ಅಕ್ಕಾ, ನಿಮ್ಮ ಮಾತು ನೂರಕ್ಕೆ ನೂರು ನಿಜ. ನಮ್ಮ ಕಡೆ ಗುಂಬಜ್ ಇದೆ, ಇದೇ ಗೋಳು. ಪಟ್ಟಣದ ಒಳಗಂತೂ ಒಂದರ ವೃತ್ತ ಇನ್ನೊಂದರ ಮೇಲೆ ಬೀಳುತ್ತದೆ. ರಂಗನಾಥಸ್ವಾಮಿ ಗುಡಿ, ನರಸಿಂಹಸ್ವಾಮಿ ಗುಡಿಯ ಕಂಠೀರವ ಒಡೆಯರ ಪ್ರತಿಮೆ, ಬೇಯ್ಲಿ ಬಂದೀಖಾನೆ, ಟಿಪ್ಪು ಹೆಣ ಸಿಕ್ಕ ಜಾಗ, ಜಾಮಿಯಾ ಮಸೀದಿ, ಆಮೇಲೆ ಬ್ರಿಟಿಷರು ಒಳನುಗ್ಗಿದ ಒಡಕಿನ ಹತ್ತಿರದ ಕೋಟೆ ಗೋಡೆ. ಎಲ್ಲವೂ ಕೇಂದ್ರ ಸರ್ಕಾರದ ಸಂರಕ್ಷಿತ ಸ್ಮಾರಕಗಳ ಪಟ್ಟಿಯಲ್ಲಿ. ಪ್ರತಿಯೊಂದಕ್ಕೂ 100 ಮೀಟರ್ ನಿಷೇಧ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಣ, ಅಂದರೆ ಅನುಮತಿ ಪಡೆದೇ ಕಟ್ಟಬೇಕು. ಮಿಕ್ಕಿದ್ದು ಎಷ್ಟು ಜಾಗ ಹೇಳಿ?

ಇನ್ನೊಂದು ಮಾತು. ರೈಲಿನ ಜೋಡಿ ಹಳಿ ಬರಬೇಕು ಅಂದಾಗ 2017ರಲ್ಲಿ ಟಿಪ್ಪು ಕಾಲದ ಮದ್ದಿನ ಮನೆಯನ್ನೇ ಬುಡಸಮೇತ ಎತ್ತಿ ನೂರು ಮೀಟರ್‌ಗೂ ಆಚೆ ಸರಿಸಿದರು. ವಿದೇಶದಿಂದ ಜನ ಕರೆಸಿ, ಕೆಳಗೆ ಉಕ್ಕಿನ ತೊಲೆ ಕೊಟ್ಟು, ಜ್ಯಾಕ್ ಹಾಕಿ ಇಡೀ ಕಟ್ಟಡವನ್ನು ನಿಧಾನಕ್ಕೆ ತಳ್ಳಿಕೊಂಡು ಹೋದರು. ನಾನು ನಿಂತು ನೋಡಿದ್ದೇನೆ. ಅದು ತಪ್ಪು ಅಂತ ಹೇಳುತ್ತಿಲ್ಲ, ಒಡೆದು ಬಿಸಾಕುವ ಬದಲು ಉಳಿಸಿಕೊಂಡರು, ಒಳ್ಳೆಯದೇ. ಸರ್ಕಾರಕ್ಕೆ ಬೇಕಾದಾಗ ದಾರಿ ಹುಡುಕುತ್ತಾರೆ, ಜನಕ್ಕೆ ಬೇಕಾದಾಗ ಇಲ್ಲ ಅಂತಾರೆ. ನನ್ನ ದೂರು ಅಷ್ಟೇ.

ಇತಿಹಾಸ_ಮೇಷ್ಟ್ರು

ನಾನು ನಿಯಮದ ಪರವಾಗಿ ಮಾತಾಡುತ್ತೇನೆ, ಬೈಯಬೇಡಿ.

100 ಮತ್ತು 200 ಮೀಟರ್ ಲೆಕ್ಕ ಬಂದದ್ದು 1992ರ ಜೂನ್ 16ರ ಅಧಿಸೂಚನೆಯಿಂದ. ಆಮೇಲೆ 2010ರಲ್ಲಿ ಪ್ರಾಚೀನ ಸ್ಮಾರಕಗಳ 1958ರ ಮೂಲ ಕಾಯ್ದೆಗೇ ತಿದ್ದುಪಡಿ ತಂದು ಅದನ್ನು ಬಿಗಿ ಮಾಡಿದರು. ಬಿಗಿ ಮಾಡಲು ಕಾರಣ ಇತ್ತು. ಅದಕ್ಕೆ ಮೊದಲು ಪುರಾತತ್ವ ಇಲಾಖೆಯವರೇ ಒಬ್ಬೊಬ್ಬರಿಗೆ ಬಿಡಿ ಬಿಡಿಯಾಗಿ ನಿಷೇಧಿತ ಜಾಗದಲ್ಲೂ ಅನುಮತಿ ಕೊಡುತ್ತಿದ್ದರು. ಅದು ಕಾನೂನಿಗೆ ಸರಿಯಲ್ಲ ಅಂತ ಕೋರ್ಟಿನಲ್ಲಿ ತೀರ್ಮಾನವಾದ ಮೇಲೆ ಹೊಸ ಕಾಯ್ದೆ ಬಂತು. ಅಧಿಕಾರಿಯ ವಿವೇಚನೆಗೆ ಬಿಟ್ಟರೆ ಏನಾಗುತ್ತದೆ ನಿಮಗೇ ಗೊತ್ತು. ಪ್ರಭಾವ ಇದ್ದವರ ಲಾಡ್ಜು ಮೇಲೇಳುತ್ತದೆ, ಬಡವನ ಮನೆಗೆ ಮಾತ್ರ ಬೀಗ. ಟೇಪ್ ಹಿಡಿದು ಅಳೆಯುವ ನಿಯಮಕ್ಕೆ ಕಣ್ಣಿಲ್ಲ, ಒಪ್ಪುತ್ತೇನೆ. ಆದರೆ ಅದಕ್ಕೆ ಮುಖ ನೋಡಿ ಮಣೆ ಹಾಕುವ ಬುದ್ಧಿಯೂ ಇಲ್ಲ.

ಈ ದ್ವೀಪದ ಸ್ಮಾರಕಗಳು 2014ರಿಂದ ಯುನೆಸ್ಕೋ ತಾತ್ಕಾಲಿಕ ಪಟ್ಟಿಯಲ್ಲಿ ಇವೆ. ಗೋಪುರದ ಪಕ್ಕದಲ್ಲೇ ನಾಲ್ಕಂತಸ್ತಿನ ವಸತಿಗೃಹ ಎದ್ದರೆ ಆ ಪಟ್ಟಿಯಿಂದ ಮುಂದೆ ಹೋಗುವುದು ಕನಸು. ಅಮ್ಮನ ಬಚ್ಚಲಿಗೆ ದಾರಿ ಬೇಕು, ನಿಜ. ಆದರೆ ಆ ದಾರಿಯಲ್ಲೇ ಲಾಡ್ಜಿನವರೂ ನುಗ್ಗಬಾರದು.

ಗಂಜಾಂ_ರಾಜ

ಮೇಷ್ಟ್ರೇ, ನಿಯಮ ಇದ್ದೂ ಲಾಡ್ಜುಗಳು ಎದ್ದಿವೆಯಲ್ಲ? ನಿಯಮಕ್ಕೆ ಹೆದರುವವರು ನಮ್ಮಂಥವರು ಮಾತ್ರ.

ಇತಿಹಾಸ_ಮೇಷ್ಟ್ರು

ಅದು ಜಾರಿ ಮಾಡುವವರ ತಪ್ಪು, ನಿಯಮದ್ದಲ್ಲ. ನಿಯಮವನ್ನೇ ಸಡಿಲ ಮಾಡಿದರೆ ಈಗ ಕದ್ದು ಕಟ್ಟುವವರು ನಾಳೆ ರಾಜಾರೋಷವಾಗಿ ಕಟ್ಟುತ್ತಾರೆ.

ಮಂಡ್ಯ_ವಕೀಲ

ಮೇಡಂ, ಮೊದಲು ಕಾಯ್ದೆ ಏನು ಹೇಳುತ್ತದೆ ಅಂತ ಸರಿಯಾಗಿ ತಿಳಿದುಕೊಳ್ಳೋಣ, ಆಮೇಲೆ ಜಗಳ. ಇಲ್ಲಿ ಮೂರು ಬೇರೆ ಬೇರೆ ವಿಷಯ ಇವೆ, ಜನ ಮೂರನ್ನೂ ಒಂದೇ ಅಂತ ತಿಳಿಯುತ್ತಾರೆ.

ಕಟ್ಟಡಕ್ಕೆ ಹೊಸದಾಗಿ ಸೇರಿಸುವುದು, ಅಂದರೆ ಮೇಲಕ್ಕೆ ಒಂದು ಅಂತಸ್ತು ಅಥವಾ ಪಕ್ಕಕ್ಕೆ ಒಂದು ಕೋಣೆ, ಅದು ನಿರ್ಮಾಣ. ನಿಷೇಧಿತ ಪ್ರದೇಶದಲ್ಲಿ ಅದು ಖಾಸಗಿಯವರಿಗೆ ಸಾಧ್ಯವೇ ಇಲ್ಲ. ನಿಮ್ಮ ಆರಡಿ ಎಂಟಡಿ ಬಾತ್‌ರೂಮ್ ಇದರಲ್ಲಿ ಬೀಳುತ್ತದೆ, ಹಿತ್ತಲಲ್ಲಿದ್ದರೂ ಅಷ್ಟೇ, ಬೀದಿಗೆ ಕಾಣದಿದ್ದರೂ ಅಷ್ಟೇ. ಇದ್ದ ಕಟ್ಟಡ ಬೀಳಿಸಿ ಅದೇ ಅಳತೆಯಲ್ಲಿ, ಅದೇ ಎತ್ತರದಲ್ಲಿ ಎಬ್ಬಿಸುವುದು ಪುನರ್ನಿರ್ಮಾಣ. ನಿಷೇಧಿತ ಪ್ರದೇಶದಲ್ಲಿ ಅದಕ್ಕೂ ಅವಕಾಶ ಇಲ್ಲ. ಮೂರನೆಯದು ದುರಸ್ತಿ ಮತ್ತು ನವೀಕರಣ. ಈಗಾಗಲೇ ಇರುವ ಕಟ್ಟಡದಲ್ಲಿ ಮಾಡುವ ಬದಲಾವಣೆ ಅಂತ ಕಾಯ್ದೆಯಲ್ಲೇ ಇದೆ. ಇದಕ್ಕೆ ಅರ್ಜಿ ಹಾಕಬಹುದು. ಆದರೆ ಕಟ್ಟಡ 1992ರ ಜೂನ್ 16ಕ್ಕಿಂತ ಮೊದಲಿನದ್ದಾಗಿರಬೇಕು, ಇಲ್ಲವೇ ಆಮೇಲೆ ಪುರಾತತ್ವ ಇಲಾಖೆಯ ಮಹಾನಿರ್ದೇಶಕರ ಒಪ್ಪಿಗೆ ಪಡೆದೇ ಕಟ್ಟಿದ್ದಾಗಿರಬೇಕು.

ಈಗ ನಿಮ್ಮ ದಾರಿ ನೋಡಿ. ಹೊರಗೆ ಸೇರಿಸಬೇಡಿ. ಇರುವ ಗೋಡೆಗಳ ಒಳಗೇ ಒಂದು ಕೋಣೆಯನ್ನು ಬಚ್ಚಲು ಮಾಡಿ. ಹಳೇ ಮನೆ ಅಂದಮೇಲೆ ಉಗ್ರಾಣವೋ ಸೌದೆ ಕೋಣೆಯೋ ಇದ್ದೇ ಇರುತ್ತದೆ, ಅಲ್ವಾ? ಆಗ ಅದು ಒಳಗಿನ ಬದಲಾವಣೆ. ಅದನ್ನು ದುರಸ್ತಿ ಮತ್ತು ನವೀಕರಣ ಅಂತ ಕೇಳಬಹುದು. ಅದಕ್ಕೂ ಅನುಮತಿ ಬೇಕೇ ಬೇಕು, ಸುಮ್ನೆ ಶುರು ಮಾಡಬೇಡಿ. ಅನುಮತಿ ಇಲ್ಲದೆ ಕೆಲಸ ಮಾಡಿದರೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ ಅಥವಾ ಎರಡೂ. ಆ ಕಂಟ್ರಾಕ್ಟರ್‌ಗೆ ಇದನ್ನು ಓದಿ ಹೇಳಿ.

ಇನ್ನೊಂದು ನೋಡಿ. ಸಾರ್ವಜನಿಕ ಶೌಚಾಲಯ, ಚರಂಡಿ, ಜನಕ್ಕೆ ನೀರು ಕೊಡುವ ವ್ಯವಸ್ಥೆ, ಇವನ್ನು ನಿರ್ಮಾಣದ ಲೆಕ್ಕದಿಂದ ಹೊರಗಿಟ್ಟಿದ್ದಾರೆ. ಪ್ರವಾಸಿಗೆ ಬೇಕಾದ ಶೌಚಾಲಯಕ್ಕೆ ಕಾಯ್ದೆ ಜಾಗ ಬಿಟ್ಟಿದೆ. ಅಲ್ಲೇ ಹುಟ್ಟಿ ಬೆಳೆದವರ ಮನೆಯ ಶೌಚಾಲಯಕ್ಕೆ ಬಿಟ್ಟಿಲ್ಲ. ಇದು ಸರಿಯಲ್ಲ ಅಂತ ನಾನೂ ಹೇಳುತ್ತೇನೆ.

ಕೋಟೆ_ಮನೆಯವಳು

ವಕೀಲರೇ, ತುಂಬಾ ಥ್ಯಾಂಕ್ಸ್. ನಡುಮನೆ ಪಕ್ಕದಲ್ಲಿ ಒಂದು ಉಗ್ರಾಣ ಇದೆ, ಅಜ್ಜಿ ಅಲ್ಲಿ ಭತ್ತದ ವಾಡೆ ಇಡುತ್ತಿದ್ದರು. ಈಗ ಹಳೇ ಪಾತ್ರೆ ತುಂಬಿದೆ. ಅದರ ಒಂದು ಗೋಡೆ ಹಿತ್ತಲಿಗೆ ತಾಗುತ್ತದೆ, ಪೈಪ್ ಹೊರಗೆ ಬಿಡಬಹುದು. ಇದು ನಮಗೆ ಹೊಳೆದೇ ಇರಲಿಲ್ಲ.

ಆದರೆ ಭಯ ಇದೆ. ಗೋಡೆ ಮಣ್ಣಿನದು, ಮೇಲೆ ಸುಣ್ಣದ ಗಾರೆ. ಅದರೊಳಗೆ ನೀರು ಹಾಕಿದರೆ ಗೋಡೆಯೇ ಕುಸಿದರೆ? ದಾಖಲೆಯದ್ದೂ ಸಮಸ್ಯೆ. ಖಾತೆ ಇನ್ನೂ ಅಜ್ಜನ ಹೆಸರಲ್ಲೇ ಇದೆ. ದೊಡ್ಡಪ್ಪನವರ ಜೊತೆ ಪಾಲು ಬಾಯಿ ಮಾತಲ್ಲಿ ಆಗಿದೆ, ಕಾಗದದಲ್ಲಿ ಇಲ್ಲ.

ಮಂಡ್ಯ_ವಕೀಲ

ಪೌತಿ ಖಾತೆ ಮೊದಲು ಮಾಡಿಸಿಕೊಳ್ಳಿ. ದೊಡ್ಡಪ್ಪನವರ ಕಡೆಯವರ ಒಪ್ಪಿಗೆ ಪತ್ರವನ್ನೂ ಬರೆಸಿಕೊಳ್ಳಿ, ಇಲ್ಲದಿದ್ದರೆ ಕೆಲಸ ಅರ್ಧ ಆದ ಮೇಲೆ ಅವರಲ್ಲೇ ಯಾರಾದರೂ ತಕರಾರು ಹಾಕುತ್ತಾರೆ. ನಾನು ನೋಡಿದ ಕೇಸುಗಳಲ್ಲಿ ಇಲಾಖೆಗಿಂತ ದಾಯಾದಿಗಳ ಅರ್ಜಿಗಳೇ ಜಾಸ್ತಿ. ಖಾತೆ ಅಜ್ಜನ ಹೆಸರಲ್ಲಿರುವುದು ಒಂದು ಲೆಕ್ಕಕ್ಕೆ ಒಳ್ಳೆಯದೂ ಹೌದು. 1992ಕ್ಕೆ ಮೊದಲೇ ಮನೆ ಇತ್ತು ಅನ್ನುವುದಕ್ಕೆ ಅದೇ ಸಾಕ್ಷಿ. ಹಳೇ ಕಂದಾಯ ರಸೀದಿ, ಕರೆಂಟ್ ಬಿಲ್, ಕ್ರಯಪತ್ರ, ಏನು ಸಿಕ್ಕರೂ ಎಸೆಯಬೇಡಿ.

ಗಾರೆ_ಇಂಜಿನಿಯರ್

ಗೋಡೆ ವಿಷಯಕ್ಕೆ ನಾನು ಬರೆಯುತ್ತೇನೆ. ನಮ್ಮಪ್ಪ ಗಾರೆ ಮೇಸ್ತ್ರಿ, ನಾನು ಸಿವಿಲ್ ಓದಿದವನು, ಹಳೇ ಮನೆ ದುರಸ್ತಿಯೇ ನನ್ನ ಕೆಲಸ.

ಅಕ್ಕಾ, ಮಣ್ಣಿನ ಗೋಡೆಗೆ ನೀರಿಗಿಂತ ದೊಡ್ಡ ಶತ್ರು ಸಿಮೆಂಟು. ಜನ ಹಳೇ ಗೋಡೆ ಉದುರುತ್ತಿದೆ ಅಂತ ಮೇಲೆ ಸಿಮೆಂಟ್ ಪ್ಲಾಸ್ಟರ್ ಬಳಿಯುತ್ತಾರೆ. ಎರಡು ವರ್ಷ ಚೆನ್ನಾಗಿ ಕಾಣುತ್ತದೆ. ಮಣ್ಣು, ಸುಣ್ಣ ಎರಡೂ ತೇವ ಹೀರಿಕೊಂಡು ಹೊರಗೆ ಬಿಡುತ್ತಾ ಇರಬೇಕು. ಸಿಮೆಂಟ್ ಬಳಿದರೆ ಆ ತೇವ ಒಳಗೇ ಸಿಕ್ಕಿಹಾಕಿಕೊಂಡು ಮೇಲಕ್ಕೆ ಏರುತ್ತದೆ. ಏರಿ ಹೋಗಿ ಸೇರುವುದು ಎಲ್ಲಿ ಗೊತ್ತಾ? ಜಂತೆಯ ತುದಿ ಗೋಡೆಯೊಳಗೆ ಕೂರುವ ಜಾಗಕ್ಕೆ. ಹೊರಗಿಂದ ನೋಡಿದರೆ ಜಂತೆ ಗಟ್ಟಿಮುಟ್ಟಾಗಿ ಕಪ್ಪಗೆ ಹೊಳೆಯುತ್ತಿರುತ್ತದೆ. ಗೋಡೆ ಸೇರುವ ಕಡೆ ಒಂದು ಸ್ಕ್ರೂಡ್ರೈವರ್ ಚುಚ್ಚಿ ನೋಡಿ, ಬೆರಳುದ್ದ ಒಳಗೆ ಹೋಗುತ್ತದೆ, ಒದ್ದೆ ರೊಟ್ಟಿನ ಹಾಗೆ. ಆಮೇಲೆ ಗೆದ್ದಲು. ಆಮೇಲೆ ಒಂದು ದಿನ ಹೆಂಚು ಸಮೇತ ಕೆಳಗೆ ಬೀಳುತ್ತದೆ. ಆಗ ಎಲ್ಲರೂ "ಹಳೇ ಮನೆ, ಬೀಳಲೇಬೇಕಿತ್ತು" ಅಂತಾರೆ.

ಉಗ್ರಾಣವನ್ನು ಬಚ್ಚಲು ಮಾಡುವುದಾದರೆ ಹಳೇ ಗೋಡೆಗೆ ನೇರವಾಗಿ ಟೈಲ್ಸ್ ಅಂಟಿಸಬೇಡಿ. ಒಳಗಡೆ ಎರಡು ಮೂರು ಇಂಚು ಜಾಗ ಬಿಟ್ಟು ತೆಳುವಾದ ಬೇರೆ ಗೋಡೆ ಎಬ್ಬಿಸಿ, ಟೈಲ್ಸು ನಲ್ಲಿ ಎಲ್ಲ ಅದಕ್ಕೆ. ನಡುವಿನ ಸಂದಿಗೆ ಮೇಲೆ ಕೆಳಗೆ ಗಾಳಿಯಾಡಲು ಕಿಂಡಿ ಬಿಡಿ. ನೀರಿನ ಪೈಪು ಯಾವುದನ್ನೂ ಮಣ್ಣಿನ ಗೋಡೆಯೊಳಗೆ ಹೂಳಬೇಡಿ, ಹೊರಗೇ ಕಾಣುವಂತೆ ಬಿಡಿ. ಸೋರಿದರೆ ಅದೇ ದಿನ ಗೊತ್ತಾಗುತ್ತದೆ. ನೆಲಕ್ಕೆ ಇಳಿಜಾರು ಚೆನ್ನಾಗಿ ಕೊಡಿ. ಹೊಸ ಗೋಡೆಯ ಭಾರ ಹಳೇ ಅಡಿಪಾಯದ ಮೇಲೆ ಬೀಳಬಾರದು. ಜಂತೆಯ ತುದಿ ಕೊಳೆತಿದ್ದರೆ ಪೂರ್ತಿ ಜಂತೆ ಕಿತ್ತು ಹಾಕಬೇಕಾಗಿಲ್ಲ, ಕೊಳೆತ ಭಾಗ ಕತ್ತರಿಸಿ ಅದೇ ಜಾತಿಯ ಹಳೇ ಮರ ಜೋಡಿಸಿ ಬೋಲ್ಟ್ ಹಾಕಬಹುದು. ಒಳ್ಳೆಯ ಬಡಗಿ ಸಿಕ್ಕರೆ ಮುಗಿಯಿತು.

ಈ ಒಳಗೋಡೆಯನ್ನೂ ಸೇರಿಸಿ ನಕ್ಷೆ ಮಾಡಿ ಅರ್ಜಿಗೆ ಹಾಕಿ. ಮುಚ್ಚಿಡಬೇಡಿ. ಹೊರಗಿನ ಅಳತೆ ಒಂದಿಂಚೂ ಬದಲಾಗಿಲ್ಲ ಅಂತ ಈಗಿನ ನಕ್ಷೆ, ಮುಂದಿನ ನಕ್ಷೆ ಎರಡನ್ನೂ ಪಕ್ಕಪಕ್ಕ ತೋರಿಸಿ.

ಆನೆಗೊಂದಿ_ಹುಡುಗ

ನಮ್ಮ ಕಡೆಯದ್ದೂ ಕೇಳಿ. ಹಂಪಿ 1986ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ನದಿಗೆ ಸೇತುವೆ ಕಟ್ಟಲು ಹೊರಟಿದ್ದರಿಂದ 1999ರಲ್ಲಿ ಅಪಾಯದ ಪಟ್ಟಿಗೆ ಹೋಯಿತು, 2006ರವರೆಗೆ ಅಲ್ಲೇ ಇತ್ತು. ಆ ನಡುವೆ ಹಂಪಿಗೇ ಒಂದು ಪ್ರಾಧಿಕಾರ, ಒಂದು ಕಾಯ್ದೆ ಬಂತು, 29 ಹಳ್ಳಿ ಅದರ ಕೆಳಗೆ. ಆನೆಗೊಂದಿಯೂ ಅದರಲ್ಲೇ. ಆ ಸೇತುವೆ 2009ರಲ್ಲಿ ಕಟ್ಟುವಾಗಲೇ ಬಿದ್ದುಹೋಯಿತು, ಕೆಲಸಗಾರರು ಸತ್ತರು. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ವಿರೂಪಾಕ್ಷ ಬಜಾರಿನ ಸಾಲು ಮಂಟಪಗಳಲ್ಲಿ ತಲೆಮಾರಿನಿಂದ ಸಂಸಾರ ಮಾಡುತ್ತಿದ್ದವರನ್ನು 2011ರ ಜುಲೈಯಲ್ಲಿ ಎಬ್ಬಿಸಿದರು. ಜೆಸಿಬಿ ಬಂತು. ಮಂಟಪದ ಕಂಬಗಳ ನಡುವೆ ಇಟ್ಟಿಗೆ ಗೋಡೆ ಕಟ್ಟಿಕೊಂಡಿದ್ದು ತಪ್ಪು ಅಂತ ಇಟ್ಟುಕೊಳ್ಳೋಣ. ಆದರೆ ಆ ಬೀದಿಯಲ್ಲಿ ಸಂಜೆ ದೀಪ ಹಚ್ಚುತ್ತಿದ್ದವರು, ತೇರು ಎಳೆಯುತ್ತಿದ್ದವರು ಅವರೇ. ಜನರನ್ನು ತೆಗೆದ ಮೇಲೆ ಉಳಿದಿದ್ದು ಕಲ್ಲು.

ಆನೆಗೊಂದಿಯಲ್ಲಿ ಬೇರೆ ಥರ ಆಗಿದೆ. ಕಿಷ್ಕಿಂದ ಟ್ರಸ್ಟ್‌ನವರು ಹಳೇ ಮನೆಗಳನ್ನು ಊರಿನ ಜನರ ಕೈಯಲ್ಲೇ ಸರಿಪಡಿಸಿದರು, ಮಣ್ಣು ಕಲ್ಲು ಮರ ಎಲ್ಲ ಹಾಗೇ ಇಟ್ಟುಕೊಂಡು ಒಳಗೆ ಬಚ್ಚಲು ಕೊಟ್ಟರು. ಈಗ ಅಲ್ಲಿ ಅತಿಥಿಗಳು ಬಂದು ಇರುತ್ತಾರೆ. ಅಂದರೆ ಮಾಡಬಹುದು ಅಂತಾಯಿತು. ಆದರೆ ಅತಿಥಿ ಬರುವ ಮನೆಗೆ ದುಡ್ಡು ಬರುತ್ತದೆ, ಬರೀ ಸಂಸಾರ ಇರುವ ಮನೆಗೆ ಮಣ್ಣಿನ ಕೆಲಸ ಮಾಡಿಸಲು ದುಡ್ಡು ಎಲ್ಲಿಂದ? ಸರ್ಕಾರದ ಮನೆ ಯೋಜನೆಯಲ್ಲಿ ಸಿಗುವ ದುಡ್ಡಿಗೆ ಆರ್‌ಸಿಸಿ ಡಬ್ಬ ಕಟ್ಟಬಹುದು ಅಷ್ಟೇ. ಹಳೇ ಥರದಲ್ಲಿ ಇರು ಅಂತ ಹೇಳುವವರು ಹಳೇ ಥರಕ್ಕೆ ತಗಲುವ ಖರ್ಚಿನ ಮಾತನ್ನೇ ಎತ್ತುವುದಿಲ್ಲ.

ಮೈಸೂರು_ಅಗ್ರಹಾರ

ಖರ್ಚಿನ ಮಾತಿಗೆ ನನ್ನದೂ ಒಂದು ಸಹಿ. ನಮ್ಮ ಮೈಸೂರಲ್ಲಿ ದೊಡ್ಡ ಕಟ್ಟಡಗಳ ಗತಿಯೇ ಹೀಗಿದೆ. ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿದು ಜನ ಸತ್ತರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಬಾಗಿಲ ಕಡೆ ಬಿತ್ತು. ಕೆಡವಬೇಕಾ ಉಳಿಸಬೇಕಾ ಅಂತ ವರ್ಷಗಟ್ಟಲೆ ವಾದ, ಅಷ್ಟರಲ್ಲಿ ಗಿಡ ಬೆಳೆದು ಬೇರು ಗೋಡೆ ಸೀಳುತ್ತದೆ. ಸರ್ಕಾರಿ ಕಟ್ಟಡಕ್ಕೇ ಹೀಗಾದರೆ ಅಗ್ರಹಾರದ ವಠಾರದ ಮನೆಯವರು ಏನು ಮಾಡಬೇಕು? ನಮ್ಮ ಬೀದಿಯಲ್ಲಿ ಬಣ್ಣದ ಗಾಜಿನ ಕಮಾನು ಇದ್ದ ಒಂದು ಮನೆಯನ್ನು ಮಕ್ಕಳು ಮಾರಿಬಿಟ್ಟರು, ಈಗ ಅಲ್ಲಿ ಅಪಾರ್ಟ್‌ಮೆಂಟ್. ಅವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಮಾಡು ಸೋರುವ ಮನೆಯಲ್ಲಿ ಇದ್ದು ನೋಡಿದವರಿಗೆ ಗೊತ್ತು.

ಗಿರಗಾಂವ್_ಕನ್ನಡಿಗ

ಮುಂಬೈಯಿಂದ ಬರೆಯುತ್ತಿದ್ದೇನೆ. ಇಲ್ಲಿ 1995ರಲ್ಲೇ ಪರಂಪರೆ ಕಟ್ಟಡಗಳಿಗೆ ಅಂತ ನಿಯಮ ಬಂತು. ಅದರಲ್ಲಿ ಒಂದು ಒಳ್ಳೆಯ ಅಂಶ ಇದೆ, ಅದನ್ನು ನೀವು ಕಲಿಯಬಹುದು ಅಂತ ನನ್ನ ಅನಿಸಿಕೆ. ಕಟ್ಟಡಗಳಿಗೆ ದರ್ಜೆ ಕೊಡುತ್ತಾರೆ. ಒಂದನೇ ದರ್ಜೆಯದ್ದಕ್ಕೆ ಕೈ ಹಚ್ಚುವ ಹಾಗಿಲ್ಲ. ಎರಡನೆಯದ್ದಕ್ಕೆ ಒಳಗೆ ಸ್ವಲ್ಪ ಬದಲಾವಣೆ ಮಾಡಿಕೊಳ್ಳಬಹುದು. ಮೂರನೆಯದ್ದರಲ್ಲಿ ಇನ್ನೂ ಸಡಿಲ. ಬಿಡಿ ಕಟ್ಟಡ ಮಾತ್ರ ಅಲ್ಲ, ಇಡೀ ಓಣಿಯನ್ನೂ ಒಂದು ಪ್ರದೇಶ ಅಂತ ನೋಡುವ ಕ್ರಮ ಇದೆ. ನಮ್ಮ ಹತ್ತಿರದ ಖೋತಾಚಿವಾಡಿಗೆ ಬಂದು ನೋಡಿ. ಎರಡು ಬೈಕು ಎದುರುಬದುರು ಬಂದರೆ ಕಷ್ಟ, ಅಂಥ ಓಣಿ. ಮರದ ಮಹಡಿ, ಮುಂದೆ ವರಾಂಡ, ಹೊರಗಿಂದಲೇ ಹತ್ತುವ ಮೆಟ್ಟಿಲು. ಆ ಮೆಟ್ಟಿಲು, ಆ ವರಾಂಡ ಇದ್ದರೆ ಓಣಿ ಇದ್ದ ಹಾಗೆ. ಒಳಗೆ ಅಡುಗೆಮನೆಗೆ ಗ್ರಾನೈಟ್ ಹಾಕಿಸಿಕೊಂಡರೆ ಓಣಿಗೇನೂ ಆಗುವುದಿಲ್ಲ.

ಇಲ್ಲೂ ಎಲ್ಲ ಸರಿಯಿಲ್ಲ. ಜಾಗದ ಬೆಲೆ ನೋಡಿ ಬಿಲ್ಡರುಗಳು ಸುತ್ತ ನಿಂತಿದ್ದಾರೆ, ಹಳೇ ಮನೆಗಳು ಕಡಿಮೆಯಾಗುತ್ತಲೇ ಇವೆ. ಆದರೆ ವಾದ ಮಾಡುವಾಗ ಏನನ್ನು ಉಳಿಸಬೇಕು ಅನ್ನುವುದು ಗೊತ್ತಿರುತ್ತದೆ. ಮೆಟ್ಟಿಲನ್ನು ತೋರಿಸಿ ಇದು ಹೋಗಬಾರದು ಅಂತ ಹೇಳಬಹುದು. ನಿಮ್ಮಲ್ಲಿ ಜಗಲಿ ಹೋಗಬಾರದು ಅಂತ ಯಾವ ಕಾಗದದಲ್ಲಿ ಬರೆದಿದೆ?

ಸಿಡ್ನಿ_ಅಕ್ಕ

ನಾನಿರುವುದು ಸಿಡ್ನಿಯಲ್ಲಿ. ಪಕ್ಕದಲ್ಲೇ ಹೇಬರ್‌ಫೀಲ್ಡ್ ಅನ್ನುವ ಬಡಾವಣೆ, 1901ರಲ್ಲಿ ಶುರುವಾದದ್ದು. ಇಡೀ ಬಡಾವಣೆಯೇ ಸಂರಕ್ಷಿತ ಪ್ರದೇಶ. ಎಲ್ಲ ಒಂದಂತಸ್ತಿನ ಮನೆ. ಎರಡನೇ ಅಂತಸ್ತು ಬೀದಿಗೆ ಕಾಣಬಾರದು, ಮಾಡಿನ ಒಳಗೇ ಕೋಣೆ ಮಾಡಿಕೊಂಡು ಕಿಟಕಿಯನ್ನು ಹಿಂದಕ್ಕೆ ಇಡಬಹುದು. ಹಿಂದುಗಡೆ ಸ್ವಲ್ಪ ಬೆಳೆಸಿಕೊಳ್ಳಲು ಅರ್ಜಿ ಹಾಕಬಹುದು. ಬೇಲಿ ಎಷ್ಟೆತ್ತರ, ಹೆಂಚು ಎಂಥದ್ದು ಎಲ್ಲಕ್ಕೂ ಮಾತು ಇದೆ. ನೆರೆಯವರಿಗೆ ಪತ್ರ ಹೋಗುತ್ತದೆ, ಅವರು ಆಕ್ಷೇಪ ಹಾಕಬಹುದು. ಜಗಳ ಇಲ್ಲೂ ಬೇಕಾದಷ್ಟಿದೆ, ಕೆಲವರು ಬಣ್ಣಕ್ಕೂ ಜಗಳ ಆಡುತ್ತಾರೆ. ಆದರೆ ಅರ್ಜಿ ಹಾಕುವ ಮೊದಲೇ ಕೌನ್ಸಿಲ್‌ನವರ ಜೊತೆ ಕೂತು ನಕ್ಷೆ ತೋರಿಸಿ ಕೇಳಲು ಅವಕಾಶ ಇದೆ. ಊರಲ್ಲಿ ಹಾಗೆ ಕೂತು ಕೇಳುವ ಜಾಗ ಒಂದಿದ್ದರೆ ಅರ್ಧ ಮಧ್ಯವರ್ತಿಗಳ ಹೊಟ್ಟೆಪಾಡು ನಿಲ್ಲುತ್ತದೆ.

ಇತಿಹಾಸ_ಮೇಷ್ಟ್ರು

ಗಿರಗಾಂವ್‌ನವರು ಕೇಳಿದ್ದು ಸರಿಯಾದ ಪ್ರಶ್ನೆ. ಜಗಲಿ ಹೋಗಬಾರದು ಅಂತ ಬರೆಯಲು ನಮ್ಮಲ್ಲೂ ಜಾಗ ಇದೆ. 2010ರ ತಿದ್ದುಪಡಿಯಲ್ಲೇ ಪ್ರತಿ ಸ್ಮಾರಕಕ್ಕೂ ಪರಂಪರೆ ಉಪವಿಧಿ ಮಾಡಬೇಕು ಅಂತ ಇದೆ. ಎತ್ತರ ಎಷ್ಟಿರಬೇಕು, ಮುಂಭಾಗ ಹೇಗಿರಬೇಕು, ಯಾವ ಸಾಮಗ್ರಿ, ಯಾವ ಬಣ್ಣ, ಮಾಡು ಎಂಥದ್ದು, ಇವೆಲ್ಲ ಅದರಲ್ಲಿ ಬರುತ್ತವೆ. ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರ ಕರಡು ಹೊರಡಿಸಿ ಜನರ ಆಕ್ಷೇಪಣೆ ಕೇಳುತ್ತದೆ. ಕೇಂದ್ರದ ಪಟ್ಟಿಯಲ್ಲಿ 3,600ಕ್ಕೂ ಹೆಚ್ಚು ಸ್ಮಾರಕಗಳಿವೆ, ಉಪವಿಧಿ ಆಗಿರುವುದು ಅದರಲ್ಲಿ ಸ್ವಲ್ಪಕ್ಕೆ ಮಾತ್ರ. ಕರಡು ಬಂದಾಗ ಊರಿನ ಜನ ಬಾಯಿ ತೆರೆಯುವುದಿಲ್ಲ, ಕರಡು ಬಂದದ್ದೇ ಅವರಿಗೆ ಗೊತ್ತಾಗುವುದಿಲ್ಲ. ಹೀಗಾಗಿ ಬರೀ ಮೀಟರ್ ಲೆಕ್ಕ ಉಳಿದುಕೊಂಡಿದೆ.

ಇನ್ನು ರಾಜ ಅವರು ಹೇಳಿದ ಸರ್ಕಾರದ ಮಾತು. 2018ರ ಜನವರಿಯಲ್ಲಿ ನಿಷೇಧಿತ ಪ್ರದೇಶದಲ್ಲಿ ಸರ್ಕಾರಿ ಕಾಮಗಾರಿಗೆ ಅವಕಾಶ ಕೊಡುವ ಮಸೂದೆಯನ್ನು ಲೋಕಸಭೆ ಒಪ್ಪಿತು. ರಾಜ್ಯಸಭೆಯಲ್ಲಿ ಅದು ಆಯ್ಕೆ ಸಮಿತಿಗೆ ಹೋಯಿತು. ಆ ಮಸೂದೆಯನ್ನು ನಾನು ಆಗಲೂ ವಿರೋಧಿಸಿದೆ, ಈಗಲೂ ವಿರೋಧಿಸುತ್ತೇನೆ. ಅದರಲ್ಲಿ ರಸ್ತೆ ಸೇತುವೆಯ ಚಿಂತೆ ಇತ್ತು, ಮನೆಯವರ ಬಚ್ಚಲಿನ ಚಿಂತೆ ಇರಲಿಲ್ಲ. ಇದರಲ್ಲಿ ನಾವಿಬ್ಬರೂ ಒಂದೇ ಕಡೆ ನಿಲ್ಲಬಹುದು ರಾಜ.

ಗಂಜಾಂ_ರಾಜ

ನಿಲ್ಲೋಣ ಮೇಷ್ಟ್ರೇ. ಆದರೆ ಉಪವಿಧಿಯಲ್ಲಿ "ಹಿತ್ತಲಲ್ಲಿ, ಒಂದಂತಸ್ತಿಗೆ ಮೀರದಂತೆ, ಬೀದಿಗೆ ಕಾಣದಂತೆ ಬಚ್ಚಲು ಕಟ್ಟಬಹುದು" ಅಂತ ಒಂದು ಸಾಲು ಸೇರಿಸಲು ನೀವೂ ಸಹಿ ಹಾಕಬೇಕು.

ಮಂಡ್ಯ_ವಕೀಲ

ರಾಜ ಅವರೇ, ನಿಯಂತ್ರಿತ ಪ್ರದೇಶಕ್ಕೆ, ಅಂದರೆ 100 ಮೀಟರ್ ಆಚೆಗೆ, ಅಂಥ ಸಾಲು ಕೇಳಬಹುದು. ನಿಷೇಧಿತ ಪ್ರದೇಶಕ್ಕೆ ಉಪವಿಧಿಯಿಂದ ಆಗುವುದಿಲ್ಲ, ಅಲ್ಲಿ ಮೂಲ ಕಾಯ್ದೆಯೇ ಬೇಡ ಅಂದಿದೆ. ಅದಕ್ಕೆ ಸಂಸತ್ತಿನಲ್ಲೇ ತಿದ್ದುಪಡಿ ಆಗಬೇಕು. ಕೇಳಬಾರದು ಅಂತಲ್ಲ. ಸಾರ್ವಜನಿಕ ಶೌಚಾಲಯಕ್ಕೆ ಕೊಟ್ಟ ವಿನಾಯಿತಿಯನ್ನು 1992ಕ್ಕೆ ಮೊದಲಿನ ವಾಸದ ಮನೆಗಳಿಗೂ ಕೊಡಿ ಅಂತ ನಮ್ಮ ಸಂಸದರಿಗೆ ಬರೆಯೋಣ. ಚಿಕ್ಕ ಬದಲಾವಣೆ, ಲಾಡ್ಜಿನವರು ಅದರಲ್ಲಿ ನುಗ್ಗಲು ಆಗುವುದಿಲ್ಲ.

ಇತಿಹಾಸ_ಮೇಷ್ಟ್ರು

ಇದಕ್ಕೆ ನನ್ನ ಸಹಿ ಮೊದಲನೆಯದು. ಜೊತೆಗೆ ಜಗಲಿ, ಮರದ ಕಂಬ, ಹೆಂಚಿನ ಮಾಡು ಇಟ್ಟುಕೊಂಡವರಿಗೆ ಕಂದಾಯದಲ್ಲಿ ರಿಯಾಯಿತಿ ಕೊಡಿ ಅಂತಲೂ ಬರೆಯೋಣ. ಉಳಿಸಿಕೊಂಡವನಿಗೆ ನಷ್ಟ, ಒಡೆದವನಿಗೆ ಅಂಗಡಿ ಬಾಡಿಗೆ ಅಂತಾದರೆ ಯಾರು ಉಳಿಸುತ್ತಾರೆ?

ಕೋಟೆ_ಮನೆಯವಳು

ಎಲ್ಲರ ಮಾತನ್ನೂ ಅಮ್ಮನಿಗೆ ಓದಿ ಹೇಳಿದೆ. ಉಗ್ರಾಣದ ಮಾತು ಕೇಳಿ ಮೊದಲು ಒಪ್ಪಲಿಲ್ಲ. ಪಕ್ಕದಲ್ಲೇ ದೇವರ ಗೂಡು ಇದೆ, ಗೋಡೆಯಾಚೆ ಪಾಯಿಖಾನೆ ಹೇಗೆ ಅಂತ. ಕೊನೆಗೆ ದೇವರ ಗೂಡನ್ನೇ ಹಜಾರಕ್ಕೆ ತರುವುದು ಅಂತ ಮಾತಾಗಿದೆ. ದೊಡ್ಡಪ್ಪನ ಮಗ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುತ್ತೇನೆ ಅಂದಿದ್ದಾನೆ.

ಉಗ್ರಾಣದಲ್ಲಿ ಜಂತೆಯ ತುದಿಗೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿದೆವು. ಎರಡು ಕಡೆ ಗಟ್ಟಿ ಇದೆ. ಹಿತ್ತಲ ಕಡೆಯ ಒಂದು ಮಾತ್ರ ಮೆತ್ತಗಾಗಿದೆ. ಹಿಂದೆ ಯಾರೋ ಹೊರಗಡೆ ಸೊಂಟದೆತ್ತರಕ್ಕೆ ಸಿಮೆಂಟ್ ಬಳಿದ ಜಾಗ ಅದು, ಇಂಜಿನಿಯರ್ ಹೇಳಿದ ಹಾಗೇ ಇದೆ. ಅದನ್ನೂ ಇದೇ ಅರ್ಜಿಯಲ್ಲಿ ಸೇರಿಸಬಹುದಾ? ಇನ್ನೊಂದು ಪ್ರಶ್ನೆ. 100 ಮೀಟರ್ ಅಳೆಯುವುದು ಎಲ್ಲಿಂದ? ಗರ್ಭಗುಡಿಯಿಂದಲಾ, ಗೋಪುರದಿಂದಲಾ, ಪ್ರಾಕಾರದ ಗೋಡೆಯಿಂದಲಾ? ನಮ್ಮ ಮನೆ ಗೋಪುರದಿಂದ ಅಳೆದರೆ ಆಚೆ ಹೋಗಬಹುದು ಅಂತ ಪಕ್ಕದ ಮನೆಯವರು ಆಸೆ ಹುಟ್ಟಿಸಿದ್ದಾರೆ.

ಗಾರೆ_ಇಂಜಿನಿಯರ್

ಖಂಡಿತ ಸೇರಿಸಿ. ಸಿಮೆಂಟ್ ಕೆತ್ತಿ ತೆಗೆದು ಸುಣ್ಣದ ಗಾರೆ ಮಾಡುವುದು, ಜಂತೆ ತುದಿ ಜೋಡಿಸುವುದು, ಹೆಂಚು ತಿರುವಿ ಹೊದಿಸುವುದು, ಎಲ್ಲವನ್ನೂ ಒಂದೇ ಸಲ ಬರೆಯಿರಿ. ಪ್ರತಿಯೊಂದಕ್ಕೂ ಈಗಿನ ಫೋಟೊ ಹಾಕಿ. ಸಿಮೆಂಟ್ ತೆಗೆದ ಮೇಲೆ ಗೋಡೆ ಒಣಗಲು ಒಂದು ಬೇಸಿಗೆ ಬಿಡಬೇಕು, ಅದಕ್ಕೆ ತಕ್ಕ ಹಾಗೆ ಕೆಲಸ ಹಾಕಿಕೊಳ್ಳಿ. ಆ ಜಂತೆಗೆ ಸದ್ಯಕ್ಕೆ ಕೆಳಗಿಂದ ಒಂದು ಆಸರೆ ಕಂಬ ಕೊಡಿ, ಈ ಮಳೆಗೆ ಅಪಾಯ ಬೇಡ.

ಮಂಡ್ಯ_ವಕೀಲ

ಅಳೆಯುವುದು ಸಂರಕ್ಷಿತ ಪ್ರದೇಶದ ಗಡಿಯಿಂದ. ಗರ್ಭಗುಡಿಯಿಂದಲೂ ಅಲ್ಲ, ಗೋಪುರದಿಂದಲೂ ಅಲ್ಲ. ಆ ಗಡಿ ಎಲ್ಲಿದೆ ಅಂತ ಅಧಿಸೂಚನೆಯಲ್ಲಿ ಸರ್ವೆ ನಂಬರ್ ಸಮೇತ ಇರುತ್ತದೆ, ಕಣ್ಣಿಗೆ ಕಾಣುವ ಗೋಡೆಯೇ ಗಡಿ ಆಗಿರಬೇಕಾಗಿಲ್ಲ. ಪಕ್ಕದ ಮನೆಯವರ ಮಾತು ನಂಬಿ ಕೆಲಸ ಶುರು ಮಾಡಬೇಡಿ. ನೀವೇ ಒಂದು ಆರ್‌ಟಿಐ ಹಾಕಿ ಗಡಿಯ ನಕ್ಷೆಯ ಪ್ರತಿ ತೆಗೆದುಕೊಳ್ಳಿ, ಇಡೀ ಬೀದಿಗೆ ಉಪಯೋಗಕ್ಕೆ ಬರುತ್ತದೆ.

ಅರ್ಜಿ ಆನ್‌ಲೈನ್‌ನಲ್ಲೇ ಹಾಕಬಹುದು. ಕಾಯ್ದೆ ಪ್ರಕಾರ ಸಕ್ಷಮ ಪ್ರಾಧಿಕಾರ, ಅಂದರೆ ಅರ್ಜಿ ತೆಗೆದುಕೊಳ್ಳುವ ಅಧಿಕಾರಿ, 15 ದಿನದಲ್ಲಿ ಅದನ್ನು ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಕಳಿಸಬೇಕು, ಅವರು ಎರಡು ತಿಂಗಳಲ್ಲಿ ಶಿಫಾರಸು ಕೊಡಬೇಕು, ಆಮೇಲೆ ಒಂದು ತಿಂಗಳಲ್ಲಿ ಒಪ್ಪಿಗೆ ಅಥವಾ ನಿರಾಕರಣೆ ಬರಬೇಕು. ತಡವಾದರೆ ಈ ಅವಧಿಗಳನ್ನು ಬರೆದು ನೆನಪಿನ ಪತ್ರ ಹಾಕಿ, ಬಾಯಲ್ಲಿ ಕೇಳಿ ಸುಮ್ಮನಾಗಬೇಡಿ. ಯಾರಾದರೂ ಮಾಡಿಸಿಕೊಡುತ್ತೇನೆ ಅಂತ ದುಡ್ಡು ಕೇಳಿದರೆ ಕೊಡಬೇಡಿ. ನಕ್ಷೆ ರೆಡಿಯಾದ ಮೇಲೆ ಇಲ್ಲಿ ಹೇಳಿ, ಅರ್ಜಿಯ ಒಕ್ಕಣೆ ನಾನು ನೋಡಿಕೊಡುತ್ತೇನೆ.